ಮೂರನೇ ತಿರುವಿನ ಆಚೆಯ ಪೈನ್ ಮರ

ಪೈನಿ ಫೋರ್ಕ್, ವರ್ಜೀನಿಯಾ
ಅಕ್ಟೋಬರ್ ೧೭, ಶನಿವಾರ

ಪ್ರೀತಿಯ ಗಾರ್ಲೆಂಡ್,

ಈಗ ಸಂಜೆ ಏಳು ಗಂಟೆ. ಬೆಳಿಗ್ಗೆ ಹೊಳೆಯ ಮೇಲೆಲ್ಲ ಮಂಜು ಕವಿದಿತ್ತು. ಆಮೇಲೆ ಒಳ್ಳೆಯ ಬಿಸಿಲು ಬಂತು. ಮಧ್ಯಾಹ್ನವೆಲ್ಲ ರೇಸ್ ಟ್ರ್ಯಾಕಿನಲ್ಲಿ ಕಳೆದು, ಈಗ ಮನೆಗೆ ಬಂದು ಅಡುಗೆಮನೆಯ ಮೇಜಿನ ಮುಂದೆ ಕೂತಿದ್ದೇನೆ. ನಿನ್ನ ಮಗಳು ಟ್ರೆಸಾ ಪಕ್ಕೆಗೆ ಐಸ್ ಒತ್ತಿಕೊಂಡು ಸೋಫಾದ ಮೇಲೆ ಹಾಗೇ ನಿದ್ದೆ ಹೋಗಿದ್ದಾಳೆ. ಟ್ರ್ಯಾಕಿನಲ್ಲಿ ಅಂದೆ, ಹೌದು. ಅದಕ್ಕೆ ಬರುತ್ತೇನೆ. ಮೊದಲು ನಿನ್ನ ಮೊಣಕಾಲು ಹೇಗಿದೆ?

ಒಕ್ಲಹೋಮಾದಲ್ಲಿ ಆಗಲೇ ಚಳಿಗಾಳಿ ಶುರುವಾಗಿದೆ ಅಂದಿದ್ದೆ. ಪೈಪಿನ ಕೆಲಸದಲ್ಲಿ ದಿನವಿಡೀ ಹಸಿ ಮಣ್ಣಿನಲ್ಲಿ ಮಂಡಿಯೂರಬೇಕು, ಉಣ್ಣೆಯ ಪಟ್ಟಿ ಕಟ್ಟಿಕೊಳ್ಳದೆ ಇಳಿಯಬೇಡ. ಹೋದ ವಾರ ಕಳಿಸಿದ ಸೇಬಿನ ಮುರಬ್ಬ ಒಡೆಯದೆ ತಲುಪಿತೋ ಇಲ್ಲವೋ ಬರೆ. ಆ ಕ್ಯಾಂಪಿನವರು ಬೀನ್ಸಿಗೆ ಉಪ್ಪೇ ಹಾಕುವುದಿಲ್ಲ ಅಂತ ನೀನು ಗೊಣಗಿದ್ದು ನೆನಪಾಗಿ, ನಿನ್ನೆ ಬೀನ್ಸ್ ಬೇಯಿಸುವಾಗ ನನಗೇ ಉಪ್ಪು ಹೆಚ್ಚಾಯಿತು. ಇಲ್ಲಿ ಬಾವಿಯ ಪಂಪು ಸರಿಯಾಗಿದೆ. ನನ್ನ ತಲೆಸುತ್ತು ಕಡಿಮೆ. ರಾತ್ರಿ ನಿದ್ದೆ ಬರುತ್ತದೆ, ಆದರೆ ಬೇಗ ಎಚ್ಚರವಾಗುತ್ತದೆ. ಎದ್ದು ಮೊದಲಿನ ಹಾಗೇ ಮೂವರ ಊಟದ ಡಬ್ಬಿ ಕೆಳಗಿಳಿಸುತ್ತೇನೆ. ಎರಡನ್ನು ಮತ್ತೆ ಮೇಲಿಡುತ್ತೇನೆ.

ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಪ್ರತಿ ಭಾನುವಾರ ನೀನು ಫೋನ್ ಮಾಡಿದಾಗ ಅಲ್ಲಿ ಮಳೆಯೋ ಇಲ್ಲಿ ಮಳೆಯೋ ಅನ್ನುವುದರಲ್ಲೇ ಮಾತು ಮುಗಿಯುತ್ತದೆ. ಫೋನ್ ಬಡಿದುಕೊಂಡ ಕೂಡಲೇ ಟ್ರೆಸಾ ಎದ್ದು ಹಿಂದಿನ ಶೆಡ್ಡಿಗೆ ಹೋಗುತ್ತಾಳೆ. ನೀನು "ಅವಳು ಹೇಗಿದಾಳೆ?" ಅನ್ನುತ್ತೀಯ, ನಾನು "ಚೆನ್ನಾಗಿದಾಳೆ" ಅನ್ನುತ್ತೇನೆ. ಅದಕ್ಕೇ ಈ ಕಾಗದ.

ಇವತ್ತು ನಾವು ನಮ್ಮ ವೆಂಡೆಲನ ರೇಸ್ ಕಾರನ್ನು ಹೊರಗೆ ತೆಗೆದೆವು, ಗಾರ್ಲೆಂಡ್. ವರ್ಷದ ಕೊನೆಯ ಓಟಕ್ಕೆ ಟ್ರೆಸಾ ಅದನ್ನು ಓಡಿಸಿದಳು. ಹೊಸ ವರ್ಷಕ್ಕೆ ಮಾರಿಬಿಡೋಣ, ಅಲ್ಲಿಯವರೆಗೆ ಅದು ಶೆಡ್ಡಿನಿಂದ ಕದಲಕೂಡದು ಅಂತ ನೀನು ಹೇಳಿ ಹೋಗಿದ್ದು ನನಗೆ ಮರೆತಿಲ್ಲ. ಕೋಪ ಮಾಡಿಕೊಳ್ಳುವುದಾದರೆ ನನ್ನ ಮೇಲೆ ಮಾಡಿಕೋ, ಅವಳ ಮೇಲೆ ಬೇಡ. ಹದಿನೈದನೇ ವಯಸ್ಸಿನಿಂದ ಆ ಕಾರುಗಳಲ್ಲಿ ಕೂತು ಒಂದು ಬೆರಳೂ ಮುರಿದುಕೊಳ್ಳದ ನಮ್ಮ ಹುಡುಗ, ಫೆಬ್ರವರಿಯ ಒಂದು ಬೆಳಿಗ್ಗೆ ಮಿಲ್ಲಿನ ರಸ್ತೆಯಲ್ಲಿ ಐಸಿನ ಮೇಲೆ ಜಾರಿ, ಮರದ ದಿಮ್ಮಿ ಹೊತ್ತ ಲಾರಿಯ ಕೆಳಗೆ ಹೋದ. ಕಾರಿಗೂ ಅದಕ್ಕೂ ಸಂಬಂಧವಿಲ್ಲ ಅಂತ ನಿನಗೂ ಗೊತ್ತು. ಆದರೂ ಮಾರ್ಚಿನಲ್ಲಿ ಟ್ರೆಸಾ ಶೆಡ್ಡಿನಲ್ಲಿ ಆ ಎಂಜಿನ್ನಿಗೆ ಜೀವ ಕೊಟ್ಟಾಗ ನೀನು ಊಟದ ನಡುವೆಯೇ ಫೋರ್ಕನ್ನು ತಟ್ಟೆಯ ಪಕ್ಕಕ್ಕಿಟ್ಟೆ, ಮತ್ತೆ ಎತ್ತಲಿಲ್ಲ. ಆ ವಾರವೇ ಒಕ್ಲಹೋಮಾಕ್ಕೆ ಹೊರಟೆ. ಅವಳು ಅದನ್ನು ನೋಡಿದ್ದಾಳೆ. ಅಂದಿನಿಂದ ಆ ಎಂಜಿನ್ನಿನ ಸದ್ದು ಕೇಳಿಸಿರಲಿಲ್ಲ. ಹೋದ ತಿಂಗಳು ಪಾತ್ರೆ ಒರೆಸುತ್ತಾ, "ಅಮ್ಮಾ, ಒಂದೇ ಒಂದು ಸಲ. ಆಮೇಲೆ ಯಾರಿಗೆ ಬೇಕಾದ್ರೂ ಕೊಟ್ಬಿಡಿ" ಅಂದಳು. ನಾನು ಹೂಂ ಅಂದೆ. ನಿನ್ನನ್ನು ಕೇಳಲಿಲ್ಲ.

ತೊಂದರೆ ಇದ್ದದ್ದು ಸೀಟಿನದು. ಅವನ ಸೀಟನ್ನು ನೀವಿಬ್ಬರೂ ಸೇರಿ ಸುರಿದದ್ದು ನನಗೆ ಚೆನ್ನಾಗಿ ನೆನಪಿದೆ. ಅಲ್ಯುಮಿನಿಯಮ್ ಸೀಟಿನಲ್ಲಿ ದೊಡ್ಡ ಪ್ಲಾಸ್ಟಿಕ್ ಚೀಲ ಹರಡಿ, ಅದರ ಮೇಲೆ ಅವನು ಹೆಲ್ಮೆಟ್ ಹಾಕಿಕೊಂಡು ಕೂತ. ನೀನು ಎರಡು ಡಬ್ಬಿಯ ದ್ರವವನ್ನು ಬೆರೆಸಿ ಚೀಲದೊಳಗೆ ಸುರಿದು, ಫೋಮು ಉಬ್ಬಿ ಅವನ ಬೆನ್ನು ಪಕ್ಕೆಗಳನ್ನು ತಬ್ಬಿ ಗಟ್ಟಿಯಾಗುವ ತನಕ ಅವನ ಎರಡು ಭುಜಗಳನ್ನೂ ಒತ್ತಿ ಹಿಡಿದಿದ್ದೆ. "ಅಪ್ಪಾ, ಬೆನ್ನಲ್ಲಿ ಬ್ರೆಡ್ಡು ಬೇಯ್ತಾ ಇದೆ" ಅಂತ ಅವನು ನಗುತ್ತಿದ್ದ. ನೀನು "ಅಲ್ಲಾಡಬೇಡ್ವೋ ಕತ್ತೆ, ಇಲ್ದಿದ್ರೆ ವರ್ಷವಿಡೀ ಗೂನು ಬೆನ್ನಲ್ಲೇ ಓಡಿಸ್ತೀಯ" ಅಂತ ಬೈಯುತ್ತಿದ್ದೆ. ಅಟ್ಟದಿಂದ ಬಿದ್ದಾಗಿನಿಂದ ಅವನ ಎಡಭುಜ ಕೊಂಚ ಇಳಿಬಿದ್ದಿತ್ತಲ್ಲ, ಅದೂ ಹಾಗೇ ಅಚ್ಚಾಗಿದೆ. ಅವನು ಹೋದ ಮೇಲೆ ಒಂದೆರಡು ಸಲ ನಾನು ಶೆಡ್ಡಿಗೆ ಹೋಗಿ ಆ ತಗ್ಗಿನಲ್ಲಿ ಕೈಯಿಟ್ಟು ನಿಂತದ್ದುಂಟು. ಇದನ್ನು ಯಾರಿಗೂ ಹೇಳಿರಲಿಲ್ಲ.

ಟ್ರೆಸಾ ಆ ಅಚ್ಚಿನಲ್ಲಿ ಕೂತರೆ ಸುತ್ತ ಒಂದು ಕೈ ತೂರುವಷ್ಟು ಜಾಗ. ನಮ್ಮ ಟ್ರ್ಯಾಕಿನಲ್ಲಿ ತಿರುಗುವುದೆಲ್ಲ ಎಡಕ್ಕೇ, ಮೈಯೆಲ್ಲ ಬಲಕ್ಕೆ ಎಸೆಯುತ್ತದೆ. ಹಾಗಾಗಿ ಬಲಗಡೆ ಟವೆಲುಗಳನ್ನು ತುರುಕಿಕೊಂಡಳು. ಕ್ಲೋವಿಸ್ ಎರಡು ವಾರದಿಂದ ಹೇಳಿ ಸಾಕಾಗಿದ್ದ. ನನ್ನ ತಮ್ಮನ ಬಾಯಿ ಗೊತ್ತಲ್ಲ ನಿನಗೆ, "ಚಪ್ಪಲಿ ದೊಡ್ಡದಾದ್ರೆ ಬೇರೆ ಕೊಳ್ತಾರೆ, ಒಳಗೆ ಬಟ್ಟೆ ತುರುಕ್ತಾರೇನೇ? ಅಕ್ಕಾ, ನೀನಾದ್ರೂ ಹೇಳು. ಹಳೇದನ್ನ ಕತ್ತರಿಸಿ ತೆಗ್ದು ಇವಳಿಗೆ ಹೊಸದು ಸುರಿಯೋಣ" ಅಂದ. ಟ್ರೆಸಾ ತಿರುಗಿ ಕೂಡ ನೋಡಲಿಲ್ಲ. "ಮಾವಾ, ಆ ಚಾಕು ಕೆಳಗಿಡು" ಅಂದಳು, ಅಷ್ಟೇ. ಕತ್ತರಿಸು ಅಂತ ನನ್ನ ಬಾಯಿಂದ ಬರುವಂತಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಟ್ರ್ಯಾಕ್ ಸೇರಿದೆವು. ಕ್ಲೋವಿಸನ ಟ್ರಕ್ಕಿಗೆ ಟ್ರೇಲರ್ ಕಟ್ಟಿಕೊಂಡು ಹೋಗಿದ್ದೆವು. ಗೇಟಿನ ಹತ್ತಿರದ ಪೈನ್ ಮರದ ಕೆಳಗೆ ಜಾಗ ಖಾಲಿಯಿತ್ತು, ಆದರೂ ಅವನು ಅಲ್ಲಿ ನಿಲ್ಲಿಸದೆ ದೂರ ಹೋಗಿ ನಿಲ್ಲಿಸಿದ. ಏನೋ ಅಂತ ಕೇಳಿದ್ದಕ್ಕೆ "ಅದು ಭಾವನ ಜಾಗ" ಅಂದ. ಅಷ್ಟು ಜನ ಬಂದಿದ್ದರೂ ಅಲ್ಲಿ ಯಾರೂ ನಿಲ್ಲಿಸಿರಲಿಲ್ಲ. ಮೇಲೆ ನಿಂತು ರೇಡಿಯೋದಲ್ಲಿ ಅವಳಿಗೆ ದಾರಿ ಹೇಳಲು ಬೇರೆ ಯಾರಿದ್ದರು, ನಾನೇ ಹತ್ತಿದೆ. ಶೆಡ್ಡಿನ ಮೊಳೆಗೆ ನೇತುಹಾಕಿದ್ದ ನಿನ್ನ ಹೆಡ್‌ಫೋನನ್ನೇ ತಂದಿದ್ದೆ. ಅದರ ಸ್ಪಂಜಿನಲ್ಲಿ ನಿನ್ನ ಹೊಗೆಸೊಪ್ಪಿನ ವಾಸನೆ ಇನ್ನೂ ಇದೆ. ಪ್ರೇಕ್ಷಕರ ಮೆಟ್ಟಿಲುಗಳ ನೆತ್ತಿಯ ಆ ಅಟ್ಟದ ಮೇಲೆ ಎಲ್ಲ ಕಾರುಗಳವರೂ ಭುಜಕ್ಕೆ ಭುಜ ತಾಗಿಸಿ ನಿಂತಿದ್ದರು. ಕಂಬಿಯ ನಡುವೆ ಒಬ್ಬ ಮನುಷ್ಯನ ಅಗಲದ ಜಾಗವನ್ನು ಮಾತ್ರ ಬಿಟ್ಟಿದ್ದರು. ಬರ್ಲ್ ಏಕರ್ಸ್ ಅದರ ಪಕ್ಕದಲ್ಲೇ ಎಂದಿನ ಹಾಗೆ ಅಳಿಯ ಡ್ವೈಟನ ಕಾರಿಗೆ ದಾರಿ ಹೇಳುತ್ತಿದ್ದ. ನನ್ನನ್ನು ಕಂಡು ಟೋಪಿ ತೆಗೆದ. "ಬಾ ಲವಾನ್. ಈ ಬೇಸಿಗೆಯೆಲ್ಲ ಇಲ್ಲಿ ಗಾಳಿ ಬೀಸಿ ಬೀಸಿ ನನ್ನ ಎಡಗಿವಿ ಕಿವುಡಾಯ್ತು. ಗಾರ್ಲೆಂಡ್ ಇದ್ದಿದ್ರೆ ಅಡ್ಡ ಇರ್ತಿದ್ದ" ಅಂದ. ನಾನು ನಿನ್ನ ಜಾಗದಲ್ಲಿ ನಿಂತೆ. ಕಂಬಿಯ ಬಣ್ಣ ನಿನ್ನ ಮೊಣಕೈ ಊರುವ ಕಡೆ ಹೋಗಿಬಿಟ್ಟಿದೆ.

ಮೊದಲು ಅರ್ಹತಾ ಸುತ್ತುಗಳು. ಒಬ್ಬೊಬ್ಬರೇ ಗಡಿಯಾರದ ಎದುರು ಎರಡು ಸುತ್ತು ಓಡಿಸಿ ತೋರಿಸಬೇಕು. ಅವಳ ಸರದಿ ಬಂದಾಗ ಮೈಕಿನವನು, ನಲವತ್ತೊಂದನೇ ನಂಬರಿನ ಕಾರು, ಇದೇ ಪೈನಿ ಫೋರ್ಕಿನ, ಅಂತ ಶುರುಮಾಡಿ ನಿಂತುಬಿಟ್ಟ. ಎಷ್ಟೋ ವರ್ಷ ಒಂದೇ ಹೆಸರು ಹೇಳಿದ ನಾಲಿಗೆ. ಮೈಕು ಹಾಗೇ ಗುಂಯ್ ಅನ್ನುತ್ತಿತ್ತು. ಆಮೇಲೆ ಮೆತ್ತಗೆ "ಟ್ರೆಸಾ ಪ್ರುಯಿಟ್" ಅಂದ. ಕಾರು ಇಳಿದು ಬಂತು. ನಂಬರನ್ನು ವೆಂಡೆಲ್ ತನ್ನ ಕೈಯಿಂದಲೇ ಬರೆದಿದ್ದನಲ್ಲ, ನಾಲ್ಕಕ್ಕೆ ಅವನದೇ ಆ ಉದ್ದನೆಯ ಕೊಕ್ಕೆ. ಬಾಗಿಲು ಹಾದುಹೋಗುವಾಗೆಲ್ಲ ನನಗೆ ಅವನ ಶಾಲೆಯ ಪುಸ್ತಕ ಕಾಣುತ್ತಿತ್ತು. ಮೊದಲ ಸುತ್ತು ಚೆನ್ನಾಗಿ ಹೋಯಿತು. ಎರಡನೆಯದರಲ್ಲಿ ಮೂರನೇ ತಿರುವಿನಲ್ಲಿ ಮೈ ಜಾರಿ, ಕೈ ಜಾರಿ, ಕಾರು ಟ್ರ್ಯಾಕಿನ ಹೊರ ಅಂಚಿನ ಕಡೆಗೆ ತೇಲಿತು. ಹನ್ನೊಂದನೇ ಸ್ಥಾನ ಸಿಕ್ಕಿತು. ನಾನು ಕೆಳಗೆ ಇಳಿದು ಹೋದಾಗ ಅವಳ ಮುಖ ಬಿಳಿಚಿತ್ತು. ಬಲ ಪಕ್ಕೆ ಮುಟ್ಟಲು ಹೋದರೆ ಕೈ ತಳ್ಳಿದಳು. ಕ್ಲೋವಿಸ್ ಇನ್ನೊಂದು ಟವೆಲ್ ತಂದು ಸುತ್ತಿ ತುರುಕಿದ. ನಾನು ಹುರಿದ ಬಲೋನಿ ಮಾಂಸದ ಸ್ಯಾಂಡ್‌ವಿಚ್ ಕಟ್ಟಿಕೊಂಡು ಹೋಗಿದ್ದೆ. ಅರ್ಧ ತಿಂದು, ಇನ್ನರ್ಧವನ್ನು ಕಾಗದದಲ್ಲಿ ಮಡಿಸಿ ಟ್ರೇಲರಿನ ಗೂಡಿನಲ್ಲಿಟ್ಟಳು. ವೆಂಡೆಲನಿಗೆ ಅಂತ ಎತ್ತಿಡುತ್ತಿದ್ದ ಅದೇ ಗೂಡು. ಇಟ್ಟ ಮೇಲೆ ಅವಳಿಗೂ ಗೊತ್ತಾಯಿತು. ತೆಗೆಯಲಿಲ್ಲ, ನಾನೂ ತೆಗೆಯಲಿಲ್ಲ.

ಪಾದ್ರಿ ಪ್ರಾರ್ಥನೆ ಮಾಡಿದರು, ಹಾಡು ಆಯಿತು, ಎಂಜಿನ್ನುಗಳು ಒಮ್ಮೆಲೇ ಎದ್ದವು. ಎದೆಯ ಹಲಗೆ ನಡುಗುವ ಆ ಸದ್ದು ಕೇಳಿ ಒಂದು ವರ್ಷವಾಗಿತ್ತು. ನಾನು ಕಂಬಿ ಹಿಡಿದುಕೊಂಡೆ. ಹಸಿರು ಬಾವುಟ ಬಿದ್ದ ಮೇಲೆ ಏನು ಮಾಡಬೇಕೋ ತಾನಾಗಿ ಬಂತು. ಇಷ್ಟು ವರ್ಷ ಮೆಟ್ಟಿಲ ಮೇಲೆ ಕೂತು ನಿನ್ನ ಬೆನ್ನನ್ನೇ ನೋಡಿದವಳು ನಾನು. "ಒಳಗಿದಾನೆ. ಇನ್ನೂ ಒಳಗೆ. ಬಾಗಿಲ ಹತ್ರ. ಖಾಲಿ." ಪಕ್ಕದ ಕಾರು ಹೊರಗೆ, ಒಳಗೆ, ಪಕ್ಕ ಖಾಲಿ, ಮತ್ತೆ ಇದೇ. ಅವಳು ರೇಡಿಯೋದಲ್ಲಿ "ಅಮ್ಮಾ, ಚರ್ಚಿನಲ್ಲಿ ಪಿಸುಗುಡ್ತಿದೀಯೇನು? ಜೋರಾಗಿ ಹೇಳು" ಅಂತ ಗದರಿದಳು. ಜೋರಾಗಿ ಹೇಳಿದೆ. ಬರ್ಲ್ ನನ್ನ ಕಡೆ ವಾಲಿ, "ಇಷ್ಟು ಜೋರಾದ್ರೆ ರೇಡಿಯೋ ಯಾಕೆ, ಹಾಗೇ ಕೇಳ್ಸುತ್ತೆ" ಅಂದ. ಒಂದೊಂದೇ ಕಾರು ದಾಟುತ್ತಾ ಅವಳು ಏಳನೆಯವಳಾದಳು. ಆರನೆಯವನು ಡ್ವೈಟ್.

ಅರ್ಧ ಓಟ ಆಗಿರಬೇಕು. ಹೊರಗಿನ ಕಾರೊಂದನ್ನು ಹೇಳಲು ಗುಂಡಿ ಒತ್ತಿದರೆ ನನ್ನ ಮಾತು ಹೋಗಲೇ ಇಲ್ಲ. ಕಿವಿಯಲ್ಲಿ ಅವಳ ಉಸಿರು ತುಂಬಿಕೊಂಡಿತ್ತು. ಸ್ಟಿಯರಿಂಗಿನ ಮೇಲಿನ ಮಾತಿನ ಗುಂಡಿಗೆ ವೆಂಡೆಲ್ ಸುತ್ತಿದ್ದ ಟೇಪು ಬಿಸಿಗೆ ಕರಗಿ, ಒತ್ತಿದ ಗುಂಡಿ ಒತ್ತಿದ ಹಾಗೇ ಅಂಟಿಕೊಂಡಿತ್ತು. ಹಾಗಾದರೆ ಏನಾಗುತ್ತದೆ ಅಂತ ನಿನಗೆ ಹೇಳಬೇಕಾಗಿಲ್ಲ. ಅವಳ ಮಾತೆಲ್ಲ ನನಗೆ ಬರುತ್ತದೆ, ನನ್ನದು ಒಂದೂ ಅವಳಿಗೆ ಹೋಗುವುದಿಲ್ಲ. ಅವಳಿಗೆ ಅದು ಗೊತ್ತಿರಲಿಲ್ಲ.

ಅವಳು ಮಾತಾಡುತ್ತಿದ್ದಳು. ಮೊದಲು ತನಗೆ ತಾನೇ ಹೇಳಿಕೊಳ್ಳುತ್ತಿದ್ದಾಳೆ ಅಂದುಕೊಂಡೆ. "ಕಾಲು ಈಗ್ಲೇ ತೆಗೀಬೇಡ. ಇನ್ನೂ. ಇನ್ನೂ. ಹಾಂ, ಈಗ." ಅದು ಅವನ ಮಾತು, ಅವನು ಅವಳಿಗೆ ಹೊಲದಲ್ಲಿ ಓಡಿಸಲು ಕಲಿಸುವಾಗ ಹೇಳುತ್ತಿದ್ದದ್ದು. ಆಮೇಲೆ, "ಗೊತ್ತು, ಗೊತ್ತು, ನೀನು ಹೇಳ್ಕೊಟ್ಟಿದ್ದೇ" ಅಂದಳು. ಮತ್ತೆ ತಿರುವು ಬಂದಾಗ, "ವೆಂಡೆಲ್, ಆ ಕಡೆ ಸರಿ. ಪಕ್ಕೆಗೆ ಚುಚ್ತೀಯ" ಅಂದಳು. ಚರ್ಚಿಗೆ ಹೋಗುವಾಗ ಹಿಂದಿನ ಸೀಟಿನಲ್ಲಿ ಅವನಿಗೆ ಅನ್ನುತ್ತಿದ್ದ ಹಾಗೇ, ಅದೇ ಸಿಡುಕು. ಅಳುತ್ತಿರಲಿಲ್ಲ, ಗಾರ್ಲೆಂಡ್. ಹಾಗಿದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. ಜೊತೆಯಲ್ಲಿ ಕೂತವನ ಹತ್ತಿರ ಮಾತಾಡುವ ಹಾಗೆ ಮಾತಾಡುತ್ತಿದ್ದಳು. ನಡುನಡುವೆ ಸುಮ್ಮನಾಗುತ್ತಿದ್ದಳು, ಅವನು ಏನೋ ಹೇಳುವುದಕ್ಕೆ ಬಿಟ್ಟ ಹಾಗೆ. ಆ ಸುಮ್ಮನಿರುವ ಹೊತ್ತಿನಲ್ಲಿ ನಾನೂ ಕಿವಿಗೊಟ್ಟೆ. ಏನು ಕೇಳಿಸುತ್ತದೆ ಅಂತ ಕಿವಿಗೊಟ್ಟೆನೋ ಗೊತ್ತಿಲ್ಲ. ಎಂಜಿನ್ನಿನ ಸದ್ದು, ಅಷ್ಟೇ.

ಇನ್ನೊಂದಿತ್ತು. ಪ್ರತಿ ಸುತ್ತಿನಲ್ಲೂ ಆಚೆ ಬದಿಯ ಹಿಂದಿನ ನೇರದಾರಿ ಮುಗಿಯುವ ಕಡೆ, ಮೂರನೇ ತಿರುವಿಗೆ ಕಾಲು ತೆಗೆಯುವ ಮುಂಚೆ, "ಇಲ್ಲ" ಅನ್ನುತ್ತಿದ್ದಳು. ಸಣ್ಣಗೆ. ಪ್ರತಿ ಸಲ ಅದೇ ಜಾಗ. ಏನು ಇಲ್ಲ, ಯಾರಿಗೆ ಇಲ್ಲ ಅನ್ನುತ್ತಿದ್ದಾಳೆ ಅಂತ ಆಗ ನನಗೆ ತಿಳಿಯಲಿಲ್ಲ.

ಓಟದ ಅಧಿಕಾರಿ ಅಲ್ಲೇ ಅಟ್ಟದ ಆ ತುದಿಯಲ್ಲಿದ್ದ. ಅವನ ಮಾತು ಎಲ್ಲ ಚಾಲಕರ ಕಿವಿಗೂ ಬೇರೆ ಸಣ್ಣ ರೇಡಿಯೋದಲ್ಲಿ ಹೋಗುತ್ತದೆ. ಹೋಗಿ ಹೇಳಿದ್ದರೆ ಮುಗಿಯುತ್ತಿತ್ತು. ಇನ್ನೊಂದು ಸುತ್ತು ಕೇಳಿ ಹೋಗುತ್ತೇನೆ ಅಂದುಕೊಂಡೆ, ಆಮೇಲೆ ಇನ್ನೊಂದು. ಕುರುಡಿಯ ಹಾಗೆ ಮಗಳನ್ನು ಅಷ್ಟು ಕಾರುಗಳ ನಡುವೆ ಬಿಟ್ಟು, ನಾನು ನನ್ನಿಬ್ಬರು ಮಕ್ಕಳು ಮಾತಾಡುವುದನ್ನು ಕೇಳುತ್ತಾ ನಿಂತಿದ್ದೆ. ಕೇಳುತ್ತಿದ್ದವಳು ನಾನೊಬ್ಬಳೇ ಅಲ್ಲ. ಕೆಳಗಿನ ಸಾಲಿನಲ್ಲಿ ಚಾಲಕರ ಮಾತು ಹಿಡಿಯುವ ಸ್ಕ್ಯಾನರ್ ಇಟ್ಟುಕೊಂಡು ಮಿಲ್ಲಿನವರು ಕೂತಿದ್ದರು, ವೆಂಡೆಲನ ಪಾಳಿಯವರು. ನಾನು ನೋಡುತ್ತಿದ್ದ ಹಾಗೇ ಒಬ್ಬೊಬ್ಬರಾಗಿ ಹೆಡ್‌ಫೋನ್ ತೆಗೆದು ಮಡಿಲಲ್ಲಿಟ್ಟುಕೊಂಡರು. ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಬರ್ಲ್ ನನ್ನ ತೋಳು ತಟ್ಟಿದ. "ಲವಾನ್, ನಿನ್ನ ಹುಡುಗಿಗೆ ಈಗ ಕಿವಿಯಿಲ್ಲ." ಗೊತ್ತು ಅಂದೆ. "ಗೊತ್ತಿದ್ದೂ ನಿಂತಿದೀಯ?" ಅವನು ನನ್ನನ್ನೇ ಒಂದು ಗಳಿಗೆ ನೋಡಿ, ತನ್ನ ಗುಂಡಿ ಒತ್ತಿದ. "ಡ್ವೈಟ್, ನಲವತ್ತೊಂದಕ್ಕೆ ಏನೂ ಕೇಳಿಸ್ತಿಲ್ಲ. ಅವಳ ಪಕ್ಕಕ್ಕೆ ಮೂಗು ತೂರಿಸ್ಬೇಡ. ಜಾಗ ಬಿಟ್ಕೊಡು. ಯಾಕೆ ಅಂತ ಕೇಳ್ಬೇಡ, ನಿನ್ನ ಹೆಂಡ್ತಿಯ ಅಪ್ಪ ಹೇಳ್ತಿದೀನಿ." ಆಮೇಲೆ ಪಕ್ಕದವನಿಗೆ ಹೇಳಿದ, ಅವನು ಅವನ ಪಕ್ಕದವನಿಗೆ. ಕಂಬಿಯುದ್ದಕ್ಕೂ ಮಾತು ಹೋಯಿತು. ಕೆಳಗೆ ಕಾರುಗಳು ಅವಳಿಂದ ಒಂದು ಮೊಳ ದೂರ ಸರಿದವು. ಆಮೇಲೆ ನನ್ನ ಕಡೆ ತಿರುಗಿ, "ಇನ್ನೆರಡು ಸುತ್ತು. ಅಷ್ಟರಲ್ಲಿ ನೀನು ಹೋಗದಿದ್ರೆ ನಾನು ಹೋಗ್ತೀನಿ" ಅಂದ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ನಾನೇ ಹೋದೆ. ಅಧಿಕಾರಿ ಹಳದಿ ಬಾವುಟ ತೋರಿಸಿ ಎಲ್ಲರನ್ನೂ ನಿಧಾನ ಮಾಡಿಸಿ, "ನಲವತ್ತೊಂದು, ನಿನ್ನ ಮಾತಿನ ಗುಂಡಿ ಅಂಟ್ಕೊಂಡಿದೆ" ಅಂದ. ಅವಳ ಉಸಿರು ನಿಂತ ಹಾಗಾಯಿತು. ಟೇಪು ಕೀಳುವ ಸದ್ದು ಕೇಳಿಸಿತು, ಆಮೇಲೆ ಕಟ್ ಅಂತ ಒಂದು ಸದ್ದು, ಆಮೇಲೆ ಏನೂ ಇಲ್ಲ. ಫೆಬ್ರವರಿಯಲ್ಲಿ ವೆಂಡೆಲನ ಪೆಟ್ಟಿಗೆಯ ಮುಚ್ಚಳ ಹಾಕಿದಾಗ ನೀನು ನನ್ನನ್ನು ಹಿಡಿದುಕೊಂಡಿದ್ದೆ. ಈ ಸಲ ಕಂಬಿ ಇತ್ತು. "ಅಮ್ಮಾ" ಅಂದಳು ಕೊನೆಗೆ. "ಎಷ್ಟು ಹೊತ್ತಿಂದ?" ಈಗಷ್ಟೇ ಅಂದೆ. "ಸುಳ್ಳು ಹೇಳೋಕೂ ಬರಲ್ಲ ನಿನಗೆ" ಅಂದಳು. ಆಮೇಲೆ ಅವಳಿಂದ ಬೇಡದ ಮಾತು ಒಂದೂ ಬರಲಿಲ್ಲ.

ಮತ್ತೆ ಹಸಿರು ಬಿದ್ದಾಗ ಡ್ವೈಟ್ ಮೊದಲಿನ ಡ್ವೈಟನೇ ಆದ, ಇಬ್ಬರೂ ಒಬ್ಬರ ಹಿಂದೊಬ್ಬರು ಮುಂದಿನವರನ್ನು ದಾಟುತ್ತಾ ಹೋದರು. ಅವಳು ಅವನನ್ನು ನಾಲ್ಕನೇ ತಿರುವಿನ ಕೆಳಗಿನಿಂದ ದಾಟಿದ್ದು ನೀನು ನೋಡಬೇಕಿತ್ತು. ಆ ದಾರಿ ವೆಂಡೆಲನದು, ಈ ಟ್ರ್ಯಾಕಿನಲ್ಲಿ ಬೇರೆ ಯಾರೂ ಅಲ್ಲಿಂದ ಹೋಗುವುದಿಲ್ಲ. ಮೆಟ್ಟಿಲುಗಳ ಮೇಲಿನ ಜನ ಎದ್ದು ನಿಂತರು. ಕೂಗಲಿಲ್ಲ, ಸುಮ್ಮನೆ ಎದ್ದು ನಿಂತರು. ಕೊನೆಯ ಸುತ್ತಿಗೆ ಬಿಳಿ ಬಾವುಟ ಕಂಡಾಗ ಅವಳು ಮೂರನೆಯವಳು, ಡ್ವೈಟ್ ಎರಡು ಕಾರಿನಷ್ಟು ಹಿಂದೆ. "ಹಿಂದೆ ಖಾಲಿ. ಹಾಗೇ ಬಾ" ಅಂದೆ. ಹಿಂದಿನ ನೇರದಾರಿ ಮುಗಿಯುವ ಮುಂಚೆಯೇ ಅವಳು ಕಾಲು ತೆಗೆದಳು. ಎಂಜಿನ್ನು ಸುಮ್ಮನಾದದ್ದು ಅಟ್ಟದವರೆಗೆ ಕೇಳಿಸಿತು. ಒಂದು ಗಳಿಗೆ, ಅಷ್ಟೇ. ಮತ್ತೆ ಒತ್ತಿದಳು. ಅಷ್ಟರಲ್ಲಿ ಡ್ವೈಟ್ ದಾಟಿದ್ದ. ನಾಲ್ಕನೆಯವಳಾಗಿ ಮುಗಿಸಿದಳು.

ಬರ್ಲ್ ಮೆಟ್ಟಿಲಿಳಿಯುತ್ತಾ, "ಪಕ್ಕಕ್ಕೆ ಬರ್ಬೇಡ ಅಂದಿದ್ದೆ ಕಣೇ, ಮುಂದೆ ಹೋಗ್ಬೇಡ ಅಂದಿರ್ಲಿಲ್ಲ" ಅಂದ. ಆಮೇಲೆ ನಗು ನಿಲ್ಲಿಸಿ, "ಮೂರನೇ ಸ್ಥಾನ ಅವಳದ್ದೇ ಆಗಿತ್ತು. ಏನಾಯ್ತು?" ಅಂತ ಕೇಳಿದ. ಎಲ್ಲರೂ ಅದನ್ನೇ ಕೇಳಿದರು. ಟೈರು ಇಳೀತು ಅನ್ನಿಸ್ತು ಅಂದಳು ಟ್ರೆಸಾ. ಕ್ಲೋವಿಸ್ ಕೂತು ನಾಲ್ಕು ಟೈರನ್ನೂ ಅಂಗೈಯಿಂದ ಸವರಿ ನೋಡಿದ. ಎದ್ದು ಕೈ ಒರೆಸಿಕೊಂಡು "ಇದ್ರೂ ಇರ್ಬಹುದು" ಅಂದ. ಅವಳಿಗೆ ಕಿಟಕಿಯಿಂದ ತಾನಾಗಿ ಹೊರಗೆ ಬರಲಾಗಲಿಲ್ಲ, ನಾನೂ ಕ್ಲೋವಿಸನೂ ಸೇರಿ ಎಳೆದೆವು. ಬಲ ಪಕ್ಕೆ ಕಂಕುಳಿನಿಂದ ಸೊಂಟದವರೆಗೆ ನೀಲಿಗಟ್ಟಿದೆ. ಮುರಿದಿಲ್ಲ, ಟ್ರ್ಯಾಕಿನ ನರ್ಸ್ ನೋಡಿದಳು.

ಬರುವಾಗ ಟ್ರಕ್ಕಿನಲ್ಲಿ ನಮ್ಮಿಬ್ಬರ ನಡುವೆ ಕೂತು ಅವಳೇ ಸೀಟಿನ ಮಾತು ತೆಗೆದಳು. "ಮಾವಾ, ಕತ್ತರಿಸೋದು ಬೇಡ. ಅವನದರ ಮೇಲೇ ಚೀಲ ಹಾಸಿ ನನ್ನದು ಸುರಿಯೋಣ" ಅಂದಳು. ಕ್ಲೋವಿಸ್ "ಆಗುತ್ತೆ" ಅಂದ. ಹಾಗೆ ಮಾಡಿದರೆ ನಡುವೆ ಬರುವ ಫೋಮಿಗೆ ಒಂದು ಕಡೆ ಅವನ ಬೆನ್ನಿನ ಅಚ್ಚು, ಇನ್ನೊಂದು ಕಡೆ ಅವಳದು. ಬೇಕಾದಾಗ ಅವಳದನ್ನು ಎತ್ತಿದರೆ ಕೆಳಗೆ ಅವನದು ಇದ್ದ ಹಾಗೇ ಇರುತ್ತದೆ. ಇಷ್ಟು ಸುಲಭದ್ದು ನಮಗ್ಯಾರಿಗೂ ಹೊಳೆದಿರಲಿಲ್ಲ ನೋಡು. ಫೋಮಿನ ಡಬ್ಬಿಗಳು ಕ್ಲೋವಿಸನ ಹತ್ತಿರ ಇದ್ದವು, ಇಳಿಸಿ ಹೋದ. ಕಾರು ಮಾರುವ ಮಾತಿಗೆ ನಾನು ಇಲ್ಲ ಅನ್ನುತ್ತಿಲ್ಲ, ಹೂಂ ಅನ್ನುತ್ತಲೂ ಇಲ್ಲ. ಅದು ಮುಖ ನೋಡಿ ಆಡುವ ಮಾತು.

ಕ್ಲೋವಿಸ್ ನಿನ್ನನ್ನು ಕೇಳಿದ ಅಂತ ಬರೆಯಲು ಹೇಳಿದ್ದಾನೆ. ಬರ್ಲ್ ತನ್ನ ಎಡಗಿವಿಯನ್ನು ನೆನಪಿಸು ಅಂದ. ಮೊಣಕಾಲಿಗೆ ರಾತ್ರಿ ಬಿಸಿ ಕೊಡು. ಸಿಗರೇಟು ಬಿಟ್ಟಿದ್ದೇನೆ ಅಂದಿದ್ದೆ, ಬಿಟ್ಟೇ ಇರು. ದೇವರು ನಿನ್ನನ್ನು ಆ ಗಾಳಿಯಲ್ಲೂ ಬೆಚ್ಚಗಿಟ್ಟಿರಲಿ.

ನಿನ್ನ,
ಲವಾನ್

ಮತ್ತೆ: ಲಕೋಟೆ ಅಂಟಿಸಿದ್ದೆ, ಬಿಚ್ಚಿ ಬರೆಯುತ್ತಿದ್ದೇನೆ. ಕ್ಲೋವಿಸ್ ಕಾರನ್ನು ಟ್ರೇಲರಿಗೆ ಏರಿಸುವಾಗ ನಾನೊಬ್ಬಳೇ ಟ್ರ್ಯಾಕಿನ ಹಿಂದಿನ ನೇರದಾರಿಯಲ್ಲಿ ನಡೆದು, ಅವಳು "ಇಲ್ಲ" ಅನ್ನುತ್ತಿದ್ದ ಕಡೆ ಹೋಗಿ ನಿಂತೆ. ಅಲ್ಲಿಂದ ನೇರ ನೋಡಿದರೆ ತಂತಿಬೇಲಿಯ ಆಚೆ ಕಾಣುವುದು ಗೇಟು, ಗೇಟಿನ ಪಕ್ಕದ ಪೈನ್ ಮರ, ನೀನು ಪ್ರತಿ ಶನಿವಾರ ಹಸಿರು ಟ್ರಕ್ಕು ನಿಲ್ಲಿಸುತ್ತಿದ್ದ ಜಾಗ. ಬೇರೇನೂ ಕಾಣುವುದಿಲ್ಲ. ಪ್ರತಿ ಸುತ್ತಿನಲ್ಲೂ ಅವಳು ಹುಡುಕುತ್ತಿದ್ದದ್ದು ನಿನ್ನನ್ನು. ನಾನು ಹೋಗಿ ನಿಂತಾಗ ಅಲ್ಲೊಂದು ಹಸಿರು ಟ್ರಕ್ಕು ಇತ್ತು. ಕಸದ ಪೀಪಾಯಿ ಒಯ್ಯುವವನದು, ಹೊರಗಿನವನು, ಅವನಿಗೆ ಅದು ಯಾರ ಜಾಗ ಅಂತ ಗೊತ್ತಿಲ್ಲ. ಎಷ್ಟು ಹೊತ್ತಿಗೆ ಬಂದೆ ಅಂತ ಕೇಳಿದೆ. ಬಿಳಿ ಬಾವುಟ ಬೀಸುತ್ತಿದ್ದರು ಅಂದ. ಟೈರಿಗೆ ಏನೂ ಆಗಿಲ್ಲ, ಗಾರ್ಲೆಂಡ್. ಅವಳು ಹೇಳಿಲ್ಲ, ನಾನೂ ಕೇಳಿಲ್ಲ. ಫೋಮು ಗಟ್ಟಿಯಾಗುವ ತನಕ ಭುಜ ಒತ್ತಿ ಹಿಡಿಯಲು ಒಬ್ಬರು ಬೇಕು. ಕ್ಲೋವಿಸ್ ನಾನಿದ್ದೇನೆ ಅಂದ, ಅವಳು ಬೇಡ ಅಂದಳು. ಡಬ್ಬಿಗಳನ್ನು ಚಳಿ ತಾಗದ ಹಾಗೆ ಒಲೆಯ ಪಕ್ಕದ ಕಪಾಟಿನಲ್ಲಿಟ್ಟಿದ್ದೇನೆ. ನಾಳೆ ಭಾನುವಾರ, ಟಪಾಲು ಹೋಗುವುದಿಲ್ಲ. ನೀನು ಫೋನ್ ಮಾಡುತ್ತೀಯ. ನಾನು ಎತ್ತುವುದಿಲ್ಲ, ಟ್ರೆಸಾ ಎತ್ತುತ್ತಾಳೆ.